ಅಕ್ಕನ ಮಲ್ಲಿಗೆಗೆ ಹುಯ್ದ ನೀರು

ಅಕ್ಕನ ಮಲ್ಲಿಗೆಗೆ ನಾನು ಬಾವಿಯ ನೀರು ಸೇದಿ ಹುಯ್ಯಲಿಲ್ಲ. ಬಚ್ಚಲಿನ ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನೇ ತಂದು ಬುಡಕ್ಕೆ ಸುರಿದೆ. ಅದನ್ನು ಆಗ ಯಾರಿಗೂ ಹೇಳಲಿಲ್ಲ. ಹೇಳದೆ ಉಳಿದದ್ದಷ್ಟೇ ಆಗಿದ್ದರೆ — ಇಲ್ಲ, ಹೇಳಬಾರದ್ದನ್ನೂ ಹೇಳಿದೆ. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು; ಬರೆಯುವುದು ಹಿಂದುಮುಂದಾದರೆ ತಾಳಿಕೊಳ್ಳಿ.

ಬಾಗೂರಿಗೆ ಹತ್ತಿರದ ಹಳ್ಳಿ ನಮ್ಮದು. ಗಿರಿಜಕ್ಕನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಹಿತ್ತಲೆಲ್ಲ ಅವಳ ಕೈಯಿಂದಲೇ ಆದದ್ದು. ಯುಗಾದಿ ಹತ್ತಿರವಾದರೆ ನನ್ನನ್ನು ಕರೆದುಕೊಂಡು ಕೆರೆ ಏರಿಯ ಕಡೆ ಹೊರಡುವಳು — ಮುತ್ತುಗ ಕೆಂಪಾಯಿತೇ, ಹೊಂಗೆ ಚಿಗುರಿತೇ, ತೇನೆಹಕ್ಕಿ ಈ ಸಲ ಎಲ್ಲಿ ಮೊಟ್ಟೆಯಿಟ್ಟಿದೆ ಎಂದು ನೋಡಲು. ಆ ಹಕ್ಕಿ ಬರೀ ನೆಲದಲ್ಲಿ, ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಯಾವುದು ಕಲ್ಲು, ಯಾವುದು ಮೊಟ್ಟೆ — ಅಕ್ಕನ ಕಣ್ಣಿಗೆ ಮಾತ್ರ ತಿಳಿಯುತ್ತಿತ್ತು.

ಮಲ್ಲಿಗೆ ಮೊದಲ ಸಲ ಮೊಗ್ಗಾದಾಗಲೇ ಅಕ್ಕ ತಿಂಗಳ ಹೊರಗಾಗಿ ಜಗಲಿಯ ಮೂಲೆಯಲ್ಲಿ ಕೂತಳು. ಆ ದಿನಗಳಲ್ಲಿ ಹೆಂಗಸರು ಹೂಗಿಡ ಸೋಕಿದರೆ ಗಿಡ ಸೀದುಹೋಗುತ್ತದೆಂದು ನಮ್ಮ ಮನೆಯಲ್ಲಿ ನಂಬಿದ್ದರು. ಅದಕ್ಕೇ ನನಗೆ ಹೇಳಿದಳು:

"ಬಿಸ್ಲು ಏರಾಕ್ ಮುಂಚೆ ಎರಡು ಕೊಡ ಸೇದಿ ಹುಯ್ಯೇ ಪುಟ್ಟಿ. ಮರ್ತ್ರೆ ನಿನ್ ಮದ್ವೇಲಿ ಎಕ್ಕದ ಹೂವೇ ಮುಡಿಸ್ತೀನಿ, ನೋಡ್ಕೊ! ಆಮೇಲೆ ಏರಿ ತಾವ್ ಓಗಿ ನೋಡ್ಕೊಂಡ್ ಬಾ, ಮರಿ ಆಗವೇನೋ."

ಮರಿ ನೋಡುವ ಆತುರ. ಸೇದಲು ಬೇಸರ. ಹಂಡೆ ಹತ್ತಿರವಿತ್ತು. ಬಿಸಿನೀರೂ ನೀರೇ ತಾನೆ ಅಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ — ಇಂದಿಗೂ ತಿಳಿಯದು. ಸುರಿದು ಓಡಿದೆ. ಏರಿಯ ಬಳಿ ತೇನೆಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತಿತು. ಮರಿಗಳು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಮರಳಿ ಬಂದಾಗ ಅಕ್ಕ ಹಿತ್ತಲಲ್ಲಿ ನಿಂತಿದ್ದಳು. ಮೊಗ್ಗುಗಳು ಇನ್ನೂ ಬೆಳ್ಳಗೇ ಇದ್ದವು. ಒಂದನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು. ನನ್ನನ್ನು ಕಂಡು ನಕ್ಕಳು. "ಅವ್ವಂಗೆ ಯೋಳ್ಬ್ಯಾಡ ಕಣೆ."

ಕೆಲವೇ ದಿನಗಳಲ್ಲಿ ಗಿಡ ಕಂದಿ ಒಣಗಿತು. ಅವ್ವ ಬುಡದ ಬಳಿ ನಿಂತು, "ಯಾರೇ ಮುಟ್ಟಿದ್ದು?" ಎಂದಳು.

"ಅಕ್ಕ ಮುಟ್ತು ಕಣವ್ವ. ನಾ ಕಂಡೆ."

ಅದು ಸುಳ್ಳಲ್ಲ. ಅದೇ ನನಗೆ ಬಗೆಹರಿಯದ್ದು — ಒಂದು ಸುಳ್ಳೂ ಆಡದೆ ಅವಳ ಮೇಲೆ ಹೊರಿಸಿಬಿಟ್ಟೆ. ಆಮೇಲೆ ನನಗೇ ಅನುಮಾನ ಹತ್ತಿತು: ಸುಡುನೀರೋ, ಆ ಬೆರಳೋ? ಬೆರಳೇ ಇರಲಿ ಎಂದು ಎಷ್ಟು ಸಲ ಬೇಡಿಕೊಂಡೆನೋ. ಅವ್ವ ಅಕ್ಕನನ್ನು ಮತ್ತೆ ಹಿತ್ತಲಿಗೆ ಬಿಡಲಿಲ್ಲ. ಏರಿಯ ತಿರುಗಾಟವೂ ನಿಂತಿತು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ — ಗೊತ್ತಿಲ್ಲ.

ಅವಳನ್ನು ಹೊಳೆನರಸೀಪುರದ ಕಡೆ ಕೊಟ್ಟರು. ಎರಡನೆಯ ಮಹಾಯುದ್ಧ ನಿಂತ ಮೇಲೆ ಬಂದ ಯುಗಾದಿಗೆ ಅವಳ ಮನೆಗೆ ಹೋದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಮಲ್ಲಿಗೆ ಕಡ್ಡಿ ಒಯ್ದಿದ್ದೆ. ಅವಳ ಹಿತ್ತಲಲ್ಲಿ ಮಣ್ಣು ಕಪ್ಪಗಿತ್ತು, ಪಕ್ಕದಲ್ಲೇ ಕಾಲುವೆ. ಆದರೆ ಒಂದು ಗಿಡವಿಲ್ಲ, ತುಳಸಿಯೂ ಇಲ್ಲ.

ಕಡ್ಡಿ ಚಾಚಿದೆ. ಅವಳು ಕೈ ನೀಡಲಿಲ್ಲ. ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಳು.

"ನೀನೇ ನೆಡು ಪುಟ್ಟಿ. ನನ್ ಕೈ ಗಿಡುಕ್ಕಾಗಕಿಲ್ಲ. ಗೊತ್ತಲ್ಲ ನಿಂಗೆ."

ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿತ್ತು. ಅವಳ ಕೈಯನ್ನು ಸೆರಗಿನಿಂದ ಎಳೆದು ಹಿಡಿದುಕೊಂಡೆ.

"ನಿನ್ ಬೆರಳಲ್ಲ ಕಣಕ್ಕ. ಅವತ್ತು ನಾನು ಬಾವಿ ನೀರು ಸೇದ್ಲಿಲ್ಲ. ಹಂಡೇಲಿದ್ದ ಸುಡುನೀರು ಹುಯ್ದೆ. ಗಿಡ ಸಾಯಿಸ್ದೋಳು ನಾನು. ತಪ್ಪಾಯ್ತಕ್ಕ."