ನಮ್ಮತ್ತೆಯ ಎಡಗಾಲಿನ ನರ

ನಮ್ಮತ್ತೆ ಪಟ್ಟಲಮ್ಮ ಅಂದರೆ ಇಡೀ ಕೊತ್ತತ್ತಿಗೇ ಭಯ. ನಾಟಿ ಹಾಕುವ ಹೆಂಗಸರ ಗುಂಪಿಗೆ ಅವರೇ ಮುಂದಾಳು. ಗದ್ದೆಯಲ್ಲಿ ಯಾರಾದರೂ ಸೊಂಟ ನೆಟ್ಟಗೆ ಮಾಡಿ ನಿಂತರೆ ಸಾಕು, "ಏನಮ್ಮಿ, ಪೋಟೋ ತೆಗೀಬೇಕಾ?" ಅಂತ ಕೂಗು ಬೀಳುತ್ತದೆ. ಇಂಥ ಹೆಂಗಸು ಜೀವಮಾನದಲ್ಲಿ ಹೆದರಿದ್ದು ಒಂದೇ ಒಂದು ಪದಕ್ಕೆ.

ಅವರ ಎಡಗಾಲಿನಲ್ಲಿ ನೀಲಿ ನರಗಳು ವರ್ಷಗಳಿಂದ ಗಂಟುಗಂಟಾಗಿ ಉಬ್ಬಿಕೊಂಡಿದ್ದವು. ಸಂಜೆಯಾದರೆ ಕಾಲು ಭಾರ, ಉರಿ. ಹೋದ ವರ್ಷ ನಾಟಿ ಮುಗಿದ ಮೇಲೆ ಹಿಮ್ಮಡಿ ಪಕ್ಕ ಹುಣ್ಣೂ ಆಯಿತು. ಅರಿಸಿನ ಮೆತ್ತಿದರು, ಮುಲಾಮು ಹಚ್ಚಿದರು, ಜಪ್ಪಯ್ಯ ಅಂದರೂ ಮಾಯಲಿಲ್ಲ. ಗದ್ದೆಗೆ ಇಳಿಯಬೇಡಿ ಅಂದರೆ, "ಮನೇಲಿ ಕೂತ್ಕಂಡು ನಿನ್ ಮಕ ನೋಡ್ಲಾ?" ಅನ್ನುವರು. ನನಗೂ ರೇಗಿತು. ಮಂಡ್ಯದ ಆಸ್ಪತ್ರೆಗೆ ಎಳೆದುಕೊಂಡೇ ಹೋದೆ.

ಅಲ್ಲಿನ ಡಾಕ್ಟರ್ ನುಜ್ಹತ್ ಮಳವಳ್ಳಿ ಕಡೆಯವರು. ಕಾಲಿಗೆ ಸ್ಕ್ಯಾನ್ ಹಿಡಿದು ತೋರಿಸಿದರು: ಮೇಲಕ್ಕೆ ಹೋಗಬೇಕಾದ ರಕ್ತ ವಾಪಸ್ ಇಳಿದು ಕಾಲಲ್ಲೇ ನಿಲ್ಲುತ್ತಿತ್ತು. "ಕೊಯ್ಯೋದೇನಿಲ್ಲ ಪಟ್ಟಲಮ್ಮ. ಸ್ಕ್ಯಾನಲ್ಲಿ ನೋಡ್ಕೊಂಡೇ ಸಣ್ಣ ತಂತಿ ತೂರಿಸಿ, ಕೆಟ್ಟಿರೋ ನರಾನ ಒಳಗಿಂದ್ಲೇ ಲೇಸರಲ್ಲಿ ಸುಟ್ಟು ಮುಚ್ತೀವಿ. ಅವತ್ತೇ ನಡ್ಕೊಂಡು ಮನೆಗೆ ಹೋಗ್ಬೋದು" ಅಂದರು.

ನರ ಅಂದದ್ದೇ ತಡ, ಅತ್ತೆಯ ಮುಖ ಬಿಳುಚಿಕೊಂಡಿತು. ಅವರ ಅಣ್ಣ ಮರಿಯಯ್ಯ ಮರದಿಂದ ಬಿದ್ದು, ನರ ಹೋಗಿ, ಇವತ್ತಿಗೂ ಕಾಲೆಳೆಯುತ್ತಾರೆ.

"ಅಣ್ಣಂಗೆ ಒಂದು ನರ ಓಗಿದ್ಕೇ ಕಾಲು ಸತ್ತೋಯ್ತು. ಇವ್ರು ಬೇಕಂತ್ಲೇ ಸುಡ್ತಾರಂತೆ! ಆಮ್ಯಾಕೆ ಗದ್ದೆಗೆಂಗೆ ಇಳೀಲಮ್ಮಿ?"

ತಪ್ಪು ಅವರದ್ದಲ್ಲ. ನಮ್ಮ ಕಡೆ ರಕ್ತ ಹರಿಯುವುದೂ ನರವೇ, ಕಾಲು ಆಡಿಸುವುದೂ ನರವೇ. ಅದು ಬೇರೆ, ಇದು ಬೇರೆ ಅಂತ ಡಾಕ್ಟರೂ ಹೇಳಿದರು, ನಾನೂ ಗಂಟಲು ಹರಿದುಕೊಂಡೆ. ಕೊನೆಗೆ ಒಪ್ಪಿದ್ದು ಹುಣ್ಣಿನ ಉರಿ ತಾಳಲಾರದೆ, ನಮ್ಮ ಮಾತಿಗಲ್ಲ.

ಬೇಸಿಗೆಯಲ್ಲಿ ಒಂದು ದಿನ ಅವರನ್ನು ಒಳಗೆ ಮಲಗಿಸಿದರು. ತೊಡೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್. ನಾನು ಬಾಗಿಲಾಚೆ ಕೂತಿದ್ದೆ. ಡಾಕ್ಟರ ದನಿ ಕೇಳಿಸಿತು.

"ಅಮ್ಮ, ಕಾಲು ಯಾಕೆ ಅಲ್ಲಾಡಿಸ್ತೀರಾ? ಸ್ಕ್ಯಾನ್ ಕಾಣಿಸ್ತಾ ಇಲ್ಲ."

"ಕಾಲಲ್ಲ ಡಾಕ್ಟ್ರಮ್ಮ, ಎಬ್ಬೆಟ್ಟು."

"ಅದಾದ್ರೂ ಯಾಕೆ?"

"ಜೀವ ಐತಾ ಅಂತ ನೋಡ್ಕಳಾದು ಬ್ಯಾಡ್ವಾ?"

ಡಾಕ್ಟರು, "ಸಿಸ್ಟರ್, ಹೆಬ್ಬೆಟ್ಟು ಚಿವುಟ್ತಾ ಇರಿ. ಪಟ್ಟಲಮ್ಮ, ನೀವು ಕಾಲು ಆಡಿಸ್ದೆ ಬಾಯಲ್ಲಿ ಹೇಳಿ" ಅಂದರು.

"ಐತೆ!" ಅಂತ ಒಂದು ಕೂಗು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು, "ಐತೆ!" ಗದ್ದೆಯ ಆ ತುದಿಗೆ ಕೇಳಿಸುವ ಗಂಟಲು ಅವರದು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏನವ್ವಾ ಕಳೆದೋಗಿತ್ತು?" ಅಂತ ನನ್ನನ್ನು ಕೇಳಿದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಬಿಗಿ ಸಾಕ್ಸು ಹಾಕಿಸಿಕೊಂಡು ನಡೆದೇ ಹೊರಗೆ ಬಂದರು. ಆದರೂ ನಂಬಿಕೆಯಿಲ್ಲ. "ಇವತ್ತೇನೋ ನಡೀತೈತೆ, ನಾಳೆ ಕತೆ?" ನಾಳೆಯೂ ನಡೆಯಿತು, ನಾಳಿದ್ದೂ ನಡೆಯಿತು. ಆಷಾಢದ ಹೊತ್ತಿಗೆ ಹುಣ್ಣು ಮಾಯ್ದು ಹೊಸ ಚರ್ಮ ಬಂತು. ಸಾಕ್ಸು ಇನ್ನು ಬೇಡ, ಗದ್ದೆಗೆ ಇಳಿಯಬಹುದು ಅಂತ ಡಾಕ್ಟರೂ ಹೇಳಿದರು.

ನಾಟಿಯ ಮೊದಲ ದಿನ ಅತ್ತೆ ಬದುವಿನ ಮೇಲೆ ಸುಮ್ಮನೆ ನಿಂತುಬಿಟ್ಟರು. ಅವರು ಇಳಿಯದೆ ಗುಂಪೂ ಇಳಿಯುವಂತಿಲ್ಲ. ಬಲಗಾಲು ಇಟ್ಟರು. ಆಮೇಲೆ ಮೆಲ್ಲಗೆ ಎಡಗಾಲು ಇಟ್ಟು, ಕೆಸರಲ್ಲಿ ಹಿಮ್ಮಡಿ ಮುಳುಗುವವರೆಗೂ ಕಣ್ಣು ಮುಚ್ಚಿಕೊಂಡರು.

"ಯಾಕತ್ತೆ, ಉರೀತಾ?"

"ಇಲ್ಲ ಕಣಮ್ಮಿ" ಅಂದರು. "ಕೆಸರು ಇಷ್ಟು ತಂಪು ಅನ್ನಾದೇ ಮರ್ತೋಗಿತ್ತು."