ಸೋಮವಾರ ಇಳಿದ ಕಮರಿ

ಅರುವತ್ತರ ದಶಕದ ಮೊದಲ ವರ್ಷಗಳು. ನರಿಮೊಗರಿನ ನಮ್ಮ ಮನೆಯಿಂದ ನನ್ನ ಜಾತಕ ಆಗಲೇ ಹೊರಟಾಗಿತ್ತು. ಮದುವೆಯಾದ ಮೇಲೆ ಕಾಡು ಸುತ್ತಲು ಯಾರು ಬಿಡುತ್ತಾರೆ? ಹಾಗಾಗಿ ಚಿಕ್ಕಪ್ಪ ಗುತ್ತಿಗಾರಿನ ಆಚೆಯ ಕಮರಿ ನೋಡಲು ಹೊರಟಾಗ ನಾನೂ ಬರುತ್ತೇನೆಂದು ಹಟ ಹಿಡಿದೆ. ಅಪ್ಪ ಅದು ಹೇಗೋ ಒಪ್ಪಿದರು.

ದಾರಿ ತೋರಿಸುವವನು ಆ ಕಾಡಿನಲ್ಲಿ ಜೇನು ತೆಗೆಯುತ್ತಿದ್ದವನು. ಭಾನುವಾರ ಸಂಜೆ ಕಾಡಂಚಿನ ಅವನ ಮನೆ ಮುಟ್ಟಿದೆವು. ಬೇರೆಯವರು ಬೇಯಿಸಿದ ಅನ್ನ ನಾವು ಉಣ್ಣುತ್ತಿರಲಿಲ್ಲ. ಅವನ ಅಂಗಳದಲ್ಲಿ ಮೂರು ಕಲ್ಲಿಟ್ಟು ನಾವೇ ಬೇಯಿಸಿಕೊಂಡು ಉಂಡು ಜಗಲಿಯಲ್ಲಿ ಮಲಗಿದೆವು.

ಬೆಳಿಗ್ಗೆ ಅವನು ನನ್ನ ಚೀಲ ಎತ್ತಿ ನೋಡಿ ಅಲ್ಲೇ ಕೆಳಗಿಟ್ಟ. ಅನ್ನ ಬೇಯಿಸುವ ಕಂಚಿನ ಉರುಳಿ, ಅಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ. ಅಮ್ಮ ಒಲೆಯೊಂದನ್ನು ಬಿಟ್ಟು ಇಡೀ ಅಡುಗೆಮನೆ ಕಟ್ಟಿಕೊಟ್ಟಿದ್ದಳು.

“ಈ ಉರುಳಿ ಹೊತ್ತುಕೊಂಡು ಇಳಿಲಿಕ್ಕೆ ಆಗುದಿಲ್ಲ ಭಟ್ರೆ. ಬೇರು ಹಿಡಿಲಿಕ್ಕೆ ಎರಡು ಕೈಯೂ ಬೇಕು. ಬರುವಾಗ ಹೊತ್ತು ಕಂತಿ ಕತ್ತಲಾಗ್ತದೆ.”

ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ನನಗೆ ಎರಡು ಮುಷ್ಟಿ ಅವಲಕ್ಕಿ ಸಾಕು. ನಿನ್ನನ್ನು ಇಡೀ ದಿನ ಹಸಿವಿನಲ್ಲಿ ನಡೆಸಿದರೆ ನಿನ್ನ ಅಮ್ಮ ನನ್ನನ್ನು ಬಿಡ್ಲಿಕ್ಕಿಲ್ಲ. ನೀನು ಇಲ್ಲಿ ಇವನ ತಾಯಿಯ ಒಟ್ಟಿಗೆ ಇರು. ಅನ್ನ ಮಾಡಿ ಉಣ್ಣು.”

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ದೂರ ಬಂದದ್ದು ಅನ್ನ ಬೇಯಿಸಲಿಕ್ಕಾ?

“ನನಗೆ ಇವತ್ತು ಸೋಮವಾರದ ಉಪವಾಸ ಉಂಟು,” ಎಂದೆ. “ಹೊತ್ತು ಕಂತುವ ತನಕ ಎಂತದೂ ತಿನ್ನುದಿಲ್ಲ.”

ಒಳ್ಳೆಯ ಗಂಡ ಸಿಗಲೆಂದು ಹುಡುಗಿ ಹಿಡಿದ ವ್ರತಕ್ಕೆ ಯಾವ ಹಿರಿಯ ಅಡ್ಡ ಬರುತ್ತಾನೆ? ಉರುಳಿ ಜಗಲಿಯಲ್ಲೇ ಉಳಿಯಿತು.

ಇಳಿಯುವಾಗ ಅವನು ಹೆಜ್ಜೆ ಇಟ್ಟಲ್ಲೇ ಇಟ್ಟೆ, ಅವನು ಹಿಡಿದ ಬೇರನ್ನೇ ಹಿಡಿದೆ. ಕೆಳಗೆ ಎರಡೂ ಕಡೆ ಕಪ್ಪು ಬಂಡೆಯ ಗೋಡೆ, ನಡುವೆ ಹಸಿರು ನೀರು, ಮೇಲೆ ಸೀರೆಯ ಅಂಚಿನಷ್ಟೇ ಆಕಾಶ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಅಷ್ಟರಲ್ಲಿ ಅವನು ಬೆಂಕಿ ಮಾಡಿ ಮರಗೆಣಸು ಸುಟ್ಟ. ನೀರು ಮುಟ್ಟಿಸದೆ ಕೆಂಡದಲ್ಲಿ ಸುಟ್ಟದ್ದಕ್ಕೆ ಮೈಲಿಗೆಯಿಲ್ಲವೆಂದು ಚಿಕ್ಕಪ್ಪ ನಿಂತ ನಿಲುವಿನಲ್ಲೇ ಶಾಸ್ತ್ರ ಹೇಳಿ, ಉಪ್ಪು ಹಚ್ಚಿ ತಿನ್ನತೊಡಗಿದರು. ಆ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರಿತು. ನಾನು ಕೈ ಚಾಚುವಂತಿರಲಿಲ್ಲ.

“ವ್ರತ ಮುರಿಬಾರ್ದು, ಆಯ್ತಾ?” ಎಂದರು ಚಿಕ್ಕಪ್ಪ. ನನ್ನ ಉಪವಾಸ ಸುಳ್ಳೆಂದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು.

ಕಾಣಿಯೂರಿನಿಂದ ಹೆಣ್ಣು ನೋಡಲು ಬಂದವರ ಮುಂದೆ ಚಿಕ್ಕಪ್ಪ ಹುಡುಗಿಯ ಸೋಮವಾರದ ನಿಷ್ಠೆಯನ್ನೇ ಬಾಯಿತುಂಬ ಹೊಗಳಿದರು. ಸಂಬಂಧ ಕೂಡಿತು. ಮದುವೆಯಾದ ಮೊದಲ ಸೋಮವಾರ ಅತ್ತೆ, “ನಿನಗೆ ಇವತ್ತು ಉಪವಾಸ ಅಲ್ವಾ?” ಎಂದು ಪ್ರೀತಿಯಿಂದಲೇ ಕೇಳಿದರು. ನಾನು ಹೂಂ ಅಂದೆ.

ಅತ್ತೆ ಬದುಕಿರುವ ತನಕವೂ ಹೂಂ ಅಂದೆ. ಸೋಮವಾರ ಮಧ್ಯಾಹ್ನ ಎಲ್ಲರಿಗೂ ಬಡಿಸುವಾಗ ಹೊಟ್ಟೆ ಉರಿಯುತ್ತಿತ್ತು. ಆದರೆ ಅಂದು ಆ ಜಗಲಿಯಲ್ಲಿ ಉಂಡು ಕೂತಿದ್ದರೆ ಇದಕ್ಕಿಂತ ಹೆಚ್ಚು ಉರಿಯುತ್ತಿತ್ತು.