ಗ್ರಹಣದ ಬೀಟ್‌ರೂಟ್

ಹೊಸಹಳ್ಳಿಯಲ್ಲಿರುವ ಮೈದುನನ ಮನೆಯ ಮೆಟ್ಟಿಲಲ್ಲೇ ಸಾಂಬ್ರಾಣಿ ಹೊಗೆ ಮೂಗಿಗೆ ಬಡಿಯಿತು. ಅವನ ಮಗಳು ಸಹನಾ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಆ ವಾಸನೆಯೇ ಹಳೆಯದನ್ನೆಲ್ಲ ನೆನಪಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನೆನಪಿಸಿದ್ದು ಒಳಗಿನಿಂದ ಕೇಳಿದ ನನ್ನ ಅತ್ತೆಯ ದನಿ.

"ನಿಜ ಹೇಳೇ, ಗ್ರಹಣದಲ್ಲಿ ಏನ್ ಮುಟ್ಟಿದ್ದೆ? ನಾಳೆ ನಾಮಕರಣಕ್ಕೆ ನಿನ್ನ ಗಂಡನ ಮನೆಯೋರು ಕೇಳಿದ್ರೆ ಏನಂತೀಯಾ?"

ಒಳಗೆ ಹೋದರೆ, ಸಹನಾಳ ತೊಡೆಯ ಮೇಲೆ ಮಗು. ಹುಬ್ಬುಗಳ ನಡುವೆ, ಯಾರೋ ಹೆಬ್ಬೆಟ್ಟು ಒತ್ತಿದಂತೆ ಕೆಂಪು ಮಚ್ಚೆ. ಅತ್ತರೆ ಇನ್ನಷ್ಟು ಕೆಂಪು. ನನ್ನ ಮಗಳಿಗೂ ಹುಟ್ಟಿದಾಗ ಅಲ್ಲೇ ಇತ್ತು. ಎಷ್ಟೋ ಹಸುಗೂಸುಗಳಿಗೆ ಇರುತ್ತದೆ, ತಾನಾಗಿ ಮಾಸುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರು ನಮ್ಮ ಹಾಲ್‌ನಲ್ಲಿ ಬಂದು ಕೂರುತ್ತಿರಲಿಲ್ಲವಲ್ಲ. ಅಲ್ಲಿ ಕೂರುತ್ತಿದ್ದವರು ಮಗು ನೋಡಲು ಬಂದವರು. ಎಲ್ಲರದೂ ಇದೇ ಪ್ರಶ್ನೆ. ತಾಯಿಯಿಲ್ಲದ ನನಗೆ ಅತ್ತೆಯೇ ಬಾಣಂತನ ಮಾಡಿದ್ದರು. ಎದುರಾಡಲು ಬಾಯಿ ಬರುತ್ತಿರಲಿಲ್ಲ.

ಸಾಕಾಗಿ ಒಂದು ದಿನ ಹೇಳಿಬಿಟ್ಟೆ: "ಹೂಂ ಅತ್ತೆ, ಬೀಟ್‌ರೂಟ್ ಹೆಚ್ಚಿದ್ದೆ. ಅದೇ ಕೈಯಲ್ಲಿ ಹಣೆ ಒರೆಸ್ಕೊಂಡೆ."

ಅಪ್ಪಟ ಸುಳ್ಳು. ಬಣ್ಣಕ್ಕೆ ಹೊಂದುವ ತರಕಾರಿಯನ್ನೇ ಆರಿಸಿದ ಆ ಜಾಣತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅತ್ತೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿ, ಅವತ್ತು ತುಪ್ಪವನ್ನೂ ಧಾರಾಳವಾಗಿ ಬಡಿಸಿದರು. ವರ್ಷ ತುಂಬುವುದರೊಳಗೆ ಮಚ್ಚೆ ಹೋಯಿತು.

ತಮಾಷೆ ನೋಡಿ, ಈಗ ನನಗೆ ಆ ಬೀಟ್‌ರೂಟ್ ಕಾಣಿಸುತ್ತದೆ. ಈಳಿಗೆ ಮಣೆ, ಕೆಂಪಾದ ಬೆರಳು, ಕಿಟಕಿಯ ಮಬ್ಬು ಬೆಳಕು. ನಿಜಕ್ಕೂ ಅವತ್ತು ಗ್ರಹಣ ಬಿಡುವವರೆಗೂ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೆನಲ್ಲ, ಅದೇ ಮಸುಕು. ನನ್ನ ನೆನಪಿನ ಯೋಗ್ಯತೆ ಇಷ್ಟು.

"ಬೇಕಾದ್ರೆ ನಿನ್ನ ದೊಡ್ಡಮ್ಮನ್ನೇ ಕೇಳು," ಅತ್ತೆ ನನ್ನತ್ತ ಕೈ ತೋರಿದರು. "ಒಪ್ಕೊಂಡ್ಳು, ಮಚ್ಚೆ ಹೋಯ್ತು."

ನನ್ನ ಸುಳ್ಳು ಇಷ್ಟು ವರ್ಷ ಈ ಮನೆಯಲ್ಲಿ ಸಾಕ್ಷಿಯಾಗಿ ಬದುಕಿತ್ತು. ಸಹನಾ ಏನೋ ಹೇಳಲು ಬಾಯಿ ತೆರೆದಳು. ಆ ಮುಖ ನನಗೆ ಗೊತ್ತು.

"ನಾನೇನೂ ಹೆಚ್ಚಿರ್ಲಿಲ್ಲ ಅತ್ತೆ," ನಾನು ನಡುವೆ ನುಗ್ಗಿದೆ. "ನೀವೆಲ್ಲ ಬಿಡ್ತಿರ್ಲಿಲ್ಲ, ಅದಕ್ಕೆ ಹಂಗಂದೆ."

ಅತ್ತೆ ನಕ್ಕರು. "ನಿಂಗೂ ವಯಸ್ಸಾಯ್ತು ಕಣೇ. ಹೆಚ್ಚಿದ್ದೆ. ನಾನೇ ಕಣ್ಣಾರೆ ನೋಡಿದೀನಿ."

ಒಂದು ಕ್ಷಣ ನಾನೂ ನಂಬಿದೆ. "ಇಲ್ಲ ಅತ್ತೆ," ಎಂದೆ ಮತ್ತೆ. ಅವರು ಮುಖ ತಿರುಗಿಸಿ ಅಡುಗೆಮನೆಗೆ ಹೋದರು.

ಸಹನಾ ನನ್ನ ಕಿವಿಯ ಹತ್ತಿರ ಬಗ್ಗಿ, "ದೊಡ್ಡಮ್ಮಾ, ನಾನು ದಾಳಿಂಬೆ ಅನ್ನೋಳಿದ್ದೆ," ಎಂದಳು.

ನಗಬೇಕಿತ್ತು. ನನಗೆ ತಲೆಯೆತ್ತಲಾಗಲಿಲ್ಲ.